ನಮ್ಮವರು ದೇವರಾಗಿರಲಿಲ್ಲ: ಕಾರವಾರದ ನೆನಪು ಬರೆದ ನನ್ನ ಅನುಭವ

ಮನೆಯ ಯಜಮಾನರು ತೀರಿಕೊಂಡರೆ ಮಾತಾಡಿಸೋಕೆ ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ‘ದೇವರಂಥ ಮನುಷ್ಯ.’ ನಮ್ಮವರು 2022ರಲ್ಲಿ ಹೋದಾಗ ಧಾರವಾಡದ ನಮ್ಮ ಮನೆಗೆ ಬಂದವರೂ ಅದನ್ನೇ ಹೇಳಿದರು. ಮೊದಮೊದಲು ಕೇಳೋಕೆ ಹಿತವಾಗಿತ್ತು. ಆಮೇಲೆ ಕಿರಿಕಿರಿ ಶುರುವಾಯಿತು. ನಾನು ನಲವತ್ನಾಲ್ಕು ವರ್ಷ ಸಂಸಾರ ಮಾಡಿದ್ದು ದೇವರ ಜೊತೆ ಅಲ್ಲ. ಚಹಾಕ್ಕೆ ಸಕ್ಕರೆ ಕಡಿಮೆ ಬಿದ್ದರೆ ಮುಖ ಊದಿಸಿಕೊಳ್ಳುವ, ಬಸ್ಸು ಬರೋಕೆ ತಾಸು ಇರುವಾಗಲೇ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಕೂಡ್ರಿಸುವ, ಒಂದೇ ಜೋಕನ್ನು ಹತ್ತು ಮಂದಿಗೆ ಹೇಳುವ ಮನುಷ್ಯನ ಜೊತೆ.

ಒಂದು ದಿನ ನೋಡಿದರೆ ನನ್ನ ಬಾಯಲ್ಲೂ ಅದೇ ಬರತೊಡಗಿತ್ತು. ಮೊಮ್ಮಗಳು ‘ಅಜ್ಜ ಹೆಂಗಿದ್ದಾ?’ ಅಂತ ಕೇಳಿದರೆ ‘ಭಾಳ ಒಳ್ಳೇವರಿದ್ರವಾ’ ಅಂತ ಹೇಳಿ ಮುಗಿಸುತ್ತಿದ್ದೆ. ಆ ಮಾತಿನೊಳಗೆ ಅವರು ಎಲ್ಲೂ ಇರಲಿಲ್ಲ. ಅದಕ್ಕೇ ಬರೆಯೋಕೆ ಕೂತೆ. ಇಡೀ ಸಂಸಾರ ಅಲ್ಲ, ಕಾರವಾರದ ವರ್ಷಗಳನ್ನಷ್ಟೇ. 1978ರ ಬೇಸಿಗೆಯಲ್ಲಿ ನಮ್ಮ ಮದುವೆ. ಅವರು ಕಾರವಾರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಕೆಲಗೇರಿ ಕೆರೆಗಿಂತ ದೊಡ್ಡ ನೀರು ನೋಡಿರಲಿಲ್ಲ. ನನ್ನಂಥವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬರೆಯೋ ಮನಸ್ಸಿದ್ದು ಹೇಗೆ ಅಂತ ತಿಳಿಯದವರಿಗೆ ಉಪಯೋಗ ಆದರೆ ಆಗಲಿ ಅಂತ ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲೇ ಒಂದು ಕಟ್ಟಳೆ ಹಾಕಿಕೊಂಡೆ. ಗುಣ ಬರೆಯಬಾರದು, ನಡೆದದ್ದು ಬರೆಯಬೇಕು. ‘ನನ್ನ ಮೇಲೆ ಅವರಿಗೆ ಭಾಳ ಪ್ರೀತಿ ಇತ್ತು’ ಅಂತ ಬರೆದರೆ ಅದು ಯಾರ ಗಂಡನಾದರೂ ಆದಾನು. ‘ರೊಟ್ಟಿ ಇಡೋಕೆ ಬಿಸ್ಕೀಟಿನ ಡಬ್ಬಿ ಹುಡುಕುತ್ತಾ ಮಳೆಯಲ್ಲಿ ಪೇಟೆಯೆಲ್ಲ ತಿರುಗಿದರು’ ಅಂತ ಬರೆದರೆ ಅದು ನಮ್ಮವರೇ.

ಆ ಡಬ್ಬಿಯ ಕತೆ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಎಷ್ಟೇ ಜಿಟಿಜಿಟಿ ಹಿಡಿದರೂ ಕಡಕ್ ರೊಟ್ಟಿಯನ್ನು ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಕೆಡೋದಿಲ್ಲ. ಕಾರವಾರದಲ್ಲಿ ಮಳೆ 3000 ಮಿಲಿಮೀಟರಿನ ಆಸುಪಾಸು. ತವರಿನಿಂದ ಹೊತ್ತು ತಂದ ರೊಟ್ಟಿ ಜೂನ್ ಮುಗಿಯೋದರೊಳಗೆ ಮೆತ್ತಗಾದವು. ಮಡಚಿದರೆ ಮುರಿಯುತ್ತಿರಲಿಲ್ಲ, ಬಾಗುತ್ತಿದ್ದವು. ಅಂಚಿಗೆ ಹಸಿರು ಬೂಸ್ಟು. ಉಪ್ಪು ನೀರೊಡೆಯಿತು. ಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು, ಬೆಂಕಿ ಹತ್ತುತ್ತಿರಲಿಲ್ಲ. ಒಂದು ಮುಂಜಾನೆ ರೊಟ್ಟಿ ಮುಂದಿಟ್ಟುಕೊಂಡು ಅತ್ತುಬಿಟ್ಟೆ. ತವರಿನ ನೆನಪಿಗೆ ಅತ್ತೆ ಅಂತ ಬರೆದರೆ ಚೆಂದ ಕಾಣುತ್ತದೆ. ಆದರೆ ನಾನು ಅತ್ತದ್ದು ರೊಟ್ಟಿಗೇ.

ಅವರು ಏನೂ ಅನ್ನಲಿಲ್ಲ. ಸಂಜೆ ಕಚೇರಿ ಬಿಟ್ಟು ಎಷ್ಟೋ ಹೊತ್ತಿನ ಮೇಲೆ ಬಂದರು. ಕಂಕುಳಲ್ಲಿ ತಗಡಿನ ದೊಡ್ಡ ಡಬ್ಬಿ. ಕೊಡೆ ಡಬ್ಬಿಯ ಮೇಲೆ ಹಿಡಿದಿದ್ದರು, ತಾವು ಪೂರ್ತಿ ತೊಯ್ದಿದ್ದರು. ಬೇಕರಿಯವನ ಜೊತೆ ಚೌಕಾಸಿ ಮಾಡಿ ಒಂದು ರೂಪಾಯಿ ಇಳಿಸಿದ್ದನ್ನು ಮಾತ್ರ ದೊಡ್ಡದಾಗಿ ಹೇಳಿದರು. ಆ ಡಬ್ಬಿ ಆಮೇಲೆ ತುಕ್ಕು ಹಿಡಿದು ತೂತಾಗಿ, ಹುಬ್ಬಳ್ಳಿಗೆ ವರ್ಗವಾದಾಗ ಮೋಡಕಾ ಸಾಮಾನಿನವನ ಪಾಲಾಯಿತು. ಇಟ್ಟುಕೊಳ್ಳಬೇಕಿತ್ತು ಅಂತ ನನಗೆ ಅನಿಸಿಲ್ಲ. ತೂತು ಬಿದ್ದ ಡಬ್ಬಿ ತಗೊಂಡು ಏನು ಮಾಡೋದು?

ಬರೆದದ್ದು ಬಿಡಿ ಹಾಳೆಗಳ ಮೇಲೆ. ಒಂದು ಹಾಳೆಗೆ ಒಂದೇ ನೆನಪು, ಒಂದೇ ಮಗ್ಗುಲು. ನೆನಪು ಸಾಲಾಗಿ ಬರೋದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದರೆ ಆಮೇಲೆ ಹಿಂದು ಮುಂದು ಮಾಡೋಕೆ ಆಗೋದಿಲ್ಲ. ಮಗ ಫೋನಿನಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುವುದನ್ನು ತೋರಿಸಿಕೊಟ್ಟಿದ್ದ. ಅದಕ್ಕೆ ಪುಸ್ತಕದ ಕನ್ನಡ ತಿಳಿಯುತ್ತದೆ, ನಮ್ಮ ಮನೆ ಮಾತು ತಿಳಿಯೋದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಬಾಯಲ್ಲಿ ಹೇಳೋಕೆ ಶುರು ಮಾಡಿದರೆ ನಾನು ಎದುರಿಗೆ ಯಾರೋ ಕೂತಿದ್ದಾರೆ ಅಂತಲೇ ಹೇಳುತ್ತೇನೆ. ಕತೆಗೆ ಒಗ್ಗರಣೆ ಬೀಳುತ್ತದೆ. ಪೆನ್ನು ಹಿಡಿದರೆ ಕೈ ನಿಧಾನ, ಸುಳ್ಳು ಬರೆಯೋಕೆ ಬೇಜಾರು ಬರುತ್ತದೆ.

ಇಸವಿಯದು ಇನ್ನೊಂದು ಫಜೀತಿ. ‘ಕೂಸು ಹುಟ್ಟೋಕೆ ಮುಂಚೆ’, ‘ಮಾವನವರು ಹೋದ ಮೇಲೆ’ ಅಂತಷ್ಟೇ ತಲೆಯಲ್ಲಿರುತ್ತದೆ. ಅದಕ್ಕೆ ಊರಿಗೆಲ್ಲ ಗೊತ್ತಿರುವ ಸಂಗತಿಗಳನ್ನು ಗೂಟ ಮಾಡಿಕೊಂಡೆ. 1979ರ ಜುಲೈಯಲ್ಲಿ ಸ್ಕೈಲ್ಯಾಬ್ ಅನ್ನುವ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ತಲೆ ಮೇಲೆ ಬೀಳುತ್ತದೆ ಅಂತ ಮಂದಿ ಹೆದರಿದ್ದರು. ನಮ್ಮ ಮನೆಯ ಮಾಲಕಿ ಹೇಗೂ ಸಾಯೋದು ಅಂತ ಸಾಕಿದ ಕೋಳಿಯನ್ನೆಲ್ಲ ಕೊಯ್ದು ಉಂಡುಬಿಟ್ಟಳು. ಅಂದರೆ ಆ ಹೊತ್ತಿಗೆ ನಾವು ಎರಡನೇ ಮನೆಗೆ ಬಂದಾಗಿತ್ತು. ಕಾಳಿ ನದಿಯ ಸೇತುವೆ ಇನ್ನೊಂದು ಗೂಟ. ನಾವು ಹೋದ ಹೊಸತರಲ್ಲಿ ಕೋಡಿಬಾಗದಿಂದ ಸದಾಶಿವಗಡಕ್ಕೆ ದಾಟಬೇಕಾದರೆ ನೀರಿನ ಮೇಲೇ ಹೋಗಬೇಕಿತ್ತು. ಸೇತುವೆ ಆಗಿದ್ದು 1980ರ ನಂತರ. ‘ನಾವು ಸತ್ತರೂ ಇದು ಇರತದ ನೋಡು’ ಅಂತ ಅವರು ಕಂಬ ತೋರಿಸಿ ಹೇಳಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ನದಿಗೆ ಬಿತ್ತು. ಅವರಿಗಿಂತ ಎರಡು ವರ್ಷ ಜಾಸ್ತಿ ಬಾಳಿತು, ಅಷ್ಟೇ.

ಮೂರನೇ ಗೂಟ 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣ. ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಆ ಹಾಳೆ. ಯಾಕೆಂದರೆ ಅದಕ್ಕೆ ಅವರ ಕತೆ ಒಂದು, ನನ್ನದು ಒಂದು.

ಅವರದು ನಮ್ಮ ಮನೆಗೆ ಬಂದವರೆಲ್ಲ ಕೇಳಿದ ಕತೆ. ‘ನಾವಿಬ್ಬರೂ ದಂಡಿ ಮ್ಯಾಲ ನಿಂತು ನೋಡಿದ್ವಿ. ಮಧ್ಯಾಹ್ನ ಮೂರೂವರಿಗೆ ಕತ್ತಲಾತು. ಈಕಿ ನನ್ನ ಕೈ ಗಟ್ಟಿ ಹಿಡಕೊಂಡಿದ್ಲು.’ ಕೇಳಿದವರು ಆಹಾ ಅನ್ನುತ್ತಿದ್ದರು. ನಾನು ಒಳಗೆ ಚಹಾ ಸೋಸುತ್ತಾ ಸುಮ್ನಿರುತ್ತಿದ್ದೆ.

ನಡೆದದ್ದು ಬೇರೆ. ನಾನಾಗ ಐದು ತಿಂಗಳ ಬಸುರಿ. ಅವ್ವ ಧಾರವಾಡದಿಂದ ಇನ್‌ಲ್ಯಾಂಡ್ ಪತ್ರ ಹಾಕಿದ್ದಳು. ಪತ್ರ ಇನ್ನೂ ನನ್ನ ಹತ್ತಿರ ಇದೆ. ‘ಗ್ರಹಣದ ದಿನ ಹೊಸ್ತಲಾ ದಾಟಬ್ಯಾಡ. ಈಳಿಗಿ, ಕತ್ರಿ ಮುಟ್ಟಬ್ಯಾಡ. ಕಿಡಕಿಗೆ ಕಂಬಳಿ ಕಟ್ಟು.’ ನಮ್ಮವರಿಗೆ ಇದೆಲ್ಲ ಸೇರುತ್ತಿರಲಿಲ್ಲ. ನೆರಳು ಸಮುದ್ರ ದಾಟಿ ಬಂದು ಭಾರತದ ನೆಲ ಮುಟ್ಟುವುದೇ ಅಂಕೋಲಾ, ಕಾರವಾರದ ದಂಡೆಗೆ. ಅಲ್ಲಿಂದ ಹುಬ್ಬಳ್ಳಿ, ರಾಯಚೂರಿನ ಕಡೆ ಹೋಗುತ್ತದೆ. ಆ ಊರುಗಳ ಹತ್ತಿರ ವಿಜ್ಞಾನಿಗಳು ದುರ್ಬೀನು ಹೂಡಿಕೊಂಡು ಕೂತಿದ್ದಾರೆ, ನಮಗೆ ಮನೆ ಬಾಗಿಲಲ್ಲೇ ಪುಕ್ಕಟೆ ಸಿಗೋದನ್ನು ಬಿಡೋದೇನು ಅಂತ ವಾರದಿಂದ ವಾದ. ಅವತ್ತು ಶನಿವಾರ. ಊಟ ಆದ ಮೇಲೆ ಜೋರು ಜಗಳವೇ ಆಯಿತು. ‘ನೀ ಬರದಿದ್ದರ ನಾ ಒಬ್ಬನ ಹೊಕ್ಕೇನಿ’ ಅಂದರು. ‘ಹೋಗ್ರಿ’ ಅಂದೆ. ಹೋದರು.

ನಾನು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಕೂತೆ. ಹಳೇ ಕಂಬಳಿ, ನುಸಿ ತಿಂದು ಅಲ್ಲಲ್ಲಿ ಸಣ್ಣ ತೂತು. ತೂತಿನಿಂದ ಎದುರಿನ ಗೋಡೆ ಮೇಲೆ ಬಿಸಿಲಿನ ಚುಕ್ಕೆ ಬೀಳುತ್ತಿದ್ದವು. ನೋಡುತ್ತಾ ಕೂತಿದ್ದೆ, ದುಂಡಗಿದ್ದ ಚುಕ್ಕೆಗಳು ಒಂದು ಮಗ್ಗುಲಿಗೆ ಕಚ್ಚಿದಂತಾದವು. ಆಮೇಲೆ ಅಷ್ಟೂ ಚುಕ್ಕೆ ಸಣ್ಣ ಸಣ್ಣ ಕುಡುಗೋಲಾದವು. ಗೋಡೆ ತುಂಬ ಕುಡುಗೋಲು. ತೆಳ್ಳಗಾಗುತ್ತಾ ಹೋಗಿ ಒಮ್ಮೆಲೇ ಇಲ್ಲವಾದವು. ಕಾಗೆಗಳು ಗದ್ದಲ ಮಾಡಿ ಸುಮ್ಮನಾದವು. ಓಣಿಯಲ್ಲಿ ಯಾರೋ ಜಾಗಟೆ ಬಾರಿಸಿದರು. ಎರಡೂವರೆ ನಿಮಿಷದ ಮೇಲೆ ಸ್ವಲ್ಪ ಇತ್ತಂತೆ ಆ ಕತ್ತಲು. ನನಗೆ ಹೆದರಿಕೆಗಿಂತ ಸಿಟ್ಟು ಜಾಸ್ತಿ ಇತ್ತು.

ಅವರು ಬಂದಾಗ ಪ್ಯಾಂಟು ಮೊಳಕಾಲ ತನಕ ಒದ್ದೆ. ಕೂತವರೇ ಹೇಳತೊಡಗಿದರು. ನೀರಿನ ಬಣ್ಣ ಹೆಂಗಾಯಿತು, ಗಾಳಿ ಹೆಂಗೆ ತಣ್ಣಗಾಯಿತು, ದಂಡೆಯಲ್ಲಿ ಹತ್ತು ಮಂದಿಯೂ ಇರಲಿಲ್ಲ. ನಾನು ಮಾತು ಬಿಟ್ಟಿದ್ದೆ. ಕೇಳದವಳಂತೆ ಕೂತು ಎಲ್ಲ ಕೇಳಿದೆ. ಕಡೆಗೆ ತಡೆಯಲಾರದೆ ಗೋಡೆ ಮೇಲಿನ ಕುಡುಗೋಲಿನ ಸುದ್ದಿ ಹೇಳಿದೆ. ಅವರು ಎದ್ದು ಹೋಗಿ ಕಂಬಳಿಯ ತೂತಿಗೆ ಬೆರಳು ಹಾಕಿ ನೋಡಿದರು. ‘ಹಂಗಾರ ನೀನೂ ನೋಡಿದಿ’ ಅಂದರು. ಅವರ ಕತೆಯಲ್ಲಿ ‘ನಾನು’ ಹೋಗಿ ‘ನಾವಿಬ್ಬರೂ’ ಬಂದದ್ದು ಆವಾಗಲೇ ಇರಬೇಕು. ಕೈ ಹಿಡಿದದ್ದು ಮಾತ್ರ ಶುದ್ಧ ಸುಳ್ಳು. ಹಾಳೆಯ ಮೇಲೆ ಅವರದನ್ನೂ ಬರೆದೆ, ಕೆಳಗೆ ನನ್ನದನ್ನೂ ಬರೆದೆ. ಒಂದನ್ನು ಹೊಡೆದು ಹಾಕಬೇಕು ಅಂತ ಅನಿಸಲಿಲ್ಲ.

ಪತ್ರ, ಫೋಟೋಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಾನು ಹೆರಿಗೆಗೆ ಧಾರವಾಡಕ್ಕೆ ಬಂದಾಗ ಅವರು ಬರೆದ ಇನ್‌ಲ್ಯಾಂಡುಗಳು ಇವೆ. ಪ್ರೇಮಪತ್ರ ಅಂತ ತಿಳೀಬೇಡಿ. ಉಪ್ಪಿನಕಾಯಿ ಭರಣಿಗೆ ಬೂಸ್ಟು ಬಂದಿದೆ ಏನು ಮಾಡಲಿ, ಹಾಲಿನವನ ಲೆಕ್ಕ ನೀನು ಎಲ್ಲಿ ಬರೆದಿಟ್ಟಿದ್ದಿ, ಇಂಥವೇ. ಕಡೇ ಸಾಲಿನಲ್ಲಿ ‘ಮನಿ ಖಾಲಿ ಖಾಲಿ’ ಅಂತ ಇರುತ್ತದೆ. ಮಡಿಕೆ ಹರಿದಿದ್ದರೆ ಸೆಲೋಟೇಪು ಹಚ್ಚಬೇಡಿ, ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಬಿಡಿಸಿ, ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಮೇಲೆ ಭಾರದ ಪುಸ್ತಕ ಇಟ್ಟರೆ ಸಾಕು.

ಫೋಟೋ ಕಡಿಮೆ. ಸ್ನೇಹಿತರೊಬ್ಬರ ಆಗ್ಫಾ ಕ್ಲಿಕ್-3 ಕ್ಯಾಮೆರಾ ಕೇಳಿ ತರುತ್ತಿದ್ದರು. ರೋಲಿಗೆ 12 ಫೋಟೋ, ಅದಕ್ಕೇ ಒಂದೊಂದಕ್ಕೂ ಭಾಳ ವಿಚಾರ. ಅವನ್ನೆಲ್ಲ ಆಮೇಲೆ ನಾನು ಅಂಟಿನ ಹಾಳೆಯ ಆಲ್ಬಮ್ಮಿಗೆ ಹಾಕಿದ್ದೆ. ಎಲ್ಲರ ಮನೆಯಲ್ಲೂ ಆಗ ಅದೇ ಆಲ್ಬಮ್ ಇತ್ತು, ಅಲ್ವಾ? ಆ ಅಂಟು ವರ್ಷ ಹೋದಂತೆ ಫೋಟೋ ಬಿಡೋದಿಲ್ಲ. ಮೂಲೆ ಹಿಡಿದು ಎಳೆದರೆ ಮುಖವೇ ಕಿತ್ತು ಬರುತ್ತದೆ. ಹಲ್ಲಿನ ಸಂದಿ ತೆಗೆಯುವ ಸಣ್ಣ ದಾರ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಫೋಟೋ ಹಿಂದೆ ತೂರಿಸಿ ಮೆಲ್ಲಗೆ ಗರಗಸ ಎಳೆದಂತೆ ಎಳೆಯಬೇಕು. ಹಿಂದೆ ಹೆಸರು, ಇಸವಿ ಬರೆಯೋದಾದರೆ ಮೆತ್ತನೆ ಪೆನ್ಸಿಲ್ಲೇ ಸರಿ, ಬಾಲ್‌ಪೆನ್ ಒತ್ತಿ ಮುಂದೆ ಮೂಡುತ್ತದೆ. ಫೋನಿನಲ್ಲಿ ನಕಲು ತೆಗೆಯುವಾಗ ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ ಇಟ್ಟು, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಮಕ್ಕಳಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಬೇಕು. ಸುಮ್ನೆ ಕಳಿಸಿದರೆ ಸಣ್ಣದಾಗಿ ಹೋಗುತ್ತದೆ.

ಹಾಳೆಗಳು ಒಂದು ಹದಕ್ಕೆ ಬಂದ ಮೇಲೆ ಕಾರವಾರಕ್ಕೆ ಹೋಗಿ ಬರಬೇಕು ಅನಿಸಿತು. ಮಗ ಕಾರಿನಲ್ಲಿ ಕರೆದೊಯ್ಯುತ್ತೇನೆ ಅಂದ. ಬೇಡ ಅಂದೆ. ಕಾರಿನವರಿಗೆ ಯಾವಾಗಲೂ ವಾಪಸ್ ಬರುವ ಅವಸರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ತೋರಿಸಿದರೆ ಶೂನ್ಯ ಟಿಕೆಟ್. ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರ್, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ‘ಒಬ್ಬಾಕಿನ ಯಾಕ ಹೊಂಟಿ? ಅಲ್ಲೇನೈತಿ?’ ಅಂತ ಓಣಿಯವರು ಕೇಳಿದರು. ಕಾಶಿಗೆ ಹೊರಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಈ ದಾರಿಯಲ್ಲಿ ಅವರದೊಂದು ಮಾತು ಇತ್ತು. ಶಾಲ್ಮಲಾ ನಮ್ಮ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುತ್ತಾಳೆ. ಕಲಘಟಗಿ ಕಡೆ ಬೇಡ್ತಿಗೆ ಸೇರುತ್ತಾಳೆ, ಮಾಗೋಡಿನಲ್ಲಿ ಧುಮುಕುತ್ತಾಳೆ, ಆಮೇಲೆ ಗಂಗಾವಳಿ ಅನಿಸಿಕೊಂಡು ಅಂಕೋಲಾ, ಗೋಕರ್ಣದ ನಡುವೆ ಸಮುದ್ರ ಕೂಡುತ್ತಾಳೆ. ‘ನಮ್ಮೂರ ನೀರು ನಮಗಿಂತ ಮೊದಲ ಬಂದು ಇಲ್ಲಿ ಕೂತದ’ ಅಂತ ಪ್ರತಿ ಸಲ ಬಸ್ಸಿನಲ್ಲಿ ಹೇಳುತ್ತಿದ್ದರು. ಈ ಸಲ ಪಕ್ಕದಲ್ಲಿ ಕೂತ ಕಾಲೇಜು ಹುಡುಗಿಗೆ ನಾನೇ ಹೇಳಿದೆ. ಆಕೆ ಕಿವಿಯಿಂದ ವೈರು ತೆಗೆದು ‘ಏನ್ರಿ ಆಂಟಿ?’ ಅಂದಳು. ಎರಡನೇ ಸಲ ಹೇಳುವಾಗ ಅವರು ಯಾಕೆ ಅದನ್ನು ಅಷ್ಟು ಖುಷಿಯಿಂದ ಹೇಳುತ್ತಿದ್ದರು ಅಂತ ಗೊತ್ತಾಯಿತು. ಹೇಳೋಕೆ ಚೆನ್ನಾಗಿದೆ.

ಕಾರವಾರದಲ್ಲಿ ಫೋಟೋ ಕೈಯಲ್ಲಿ ಹಿಡಿದು ಅದೇ ಜಾಗ ಹುಡುಕಿ ನಿಲ್ಲೋದು ನನ್ನ ಉಪಾಯ. ಎರಡೂ ಮನೆ ಇಲ್ಲ, ಫ್ಲ್ಯಾಟುಗಳು. ಟಾಗೋರ್ ಕಡಲತೀರದಲ್ಲಿ ಈಗ ಚಪಲ ಅನ್ನುವ ಹಳೇ ಯುದ್ಧನೌಕೆಯನ್ನು ನಿಲ್ಲಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಮ್ಮ ಫೋಟೋದಲ್ಲಿ ಆ ಜಾಗ ಬರೀ ಮರಳು. ರವೀಂದ್ರನಾಥ ಟಾಗೋರರ ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಆಗ 22ರ ಹುಡುಗ ರವೀಂದ್ರ ಇಲ್ಲಿಗೆ ಬಂದು ಒಂದು ನಾಟಕ ಬರೆದ. ಅದೇ 1883ರ ಡಿಸೆಂಬರಿನಲ್ಲಿ ಅವನ ಮದುವೆ. ‘ನೋಡು, ಸಮುದ್ರ ನೋಡಿದವರಿಗೆ ಲಗ್ನ ತಪ್ಪಿದ್ದಲ್ಲ’ ಅನ್ನೋದು ನಮ್ಮವರ ಜೋಕು. ಹತ್ತು ಮಂದಿಗೆ ಹೇಳುತ್ತಿದ್ದರು ಅಂದೆನಲ್ಲ, ಅದು ಇದೇ.

ಅರ್ಗಾ ದಂಡೆಗೆ ಹೋಗೋಕೆ ಆಗಲಿಲ್ಲ. ನಮ್ಮ ಭಾನುವಾರಗಳೆಲ್ಲ ಅಲ್ಲೇ ಕಳೆದಿದ್ದವು. ಈಗ ಅಲ್ಲಿ ನೌಕಾನೆಲೆ. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ಗೇಟಿನಿಂದ ಒಳಗೆ ನಮ್ಮಂಥವರಿಗೆ ದಾರಿ ಇಲ್ಲ. ನಾನು ಕಳಕೊಂಡದ್ದು ಕೂತು ಶೇಂಗಾ ತಿನ್ನುವ ಜಾಗ, ಅಲ್ಲಿಯ ಊರಿನವರು ಮನೆ, ಗದ್ದೆ ಕಳಕೊಂಡಿದ್ದಾರೆ. ಅದನ್ನು ನೆನಸಿಕೊಂಡು ಆ ಹಾಳೆಯಲ್ಲಿ ಹಳಹಳಿ ಕಡಿಮೆ ಮಾಡಿದೆ.

ಇನ್ನು ಬುಧವಾರದ ಬಂಗಡೆ. ನಾವು ಮೀನು ಮುಟ್ಟದ ಮನೆತನ. ಆದರೆ ನಮ್ಮವರು ಬುಧವಾರ ಸಂಜೆ ಕಚೇರಿಯ ಸ್ನೇಹಿತರೊಬ್ಬರ ಮನೆಗೆ ‘ಫೈಲು ನೋಡೋಕೆ’ ಹೋಗುತ್ತಿದ್ದರು. ಬಂದಾಗ ಬಾಯಲ್ಲಿ ಏಲಕ್ಕಿ. ಕೈಗೆ ಮಾತ್ರ ಬೇರೆಯೇ ಒಂದು ಘಮ. ಅದು ತಿರ್ಫಳದ್ದು ಅಂತ ಆಮೇಲೆ ತಿಳಿಯಿತು, ಆ ಕಡೆಯವರು ಬಂಗಡೆ ಸಾರಿಗೆ ಹಾಕುವ ಕಾಯಿ. ಸೋಪು ಹಚ್ಚಿದರೂ ಹೋಗೋದಿಲ್ಲ. ನಾನು ಕೇಳಲಿಲ್ಲ. ಒಂದು ಬುಧವಾರ ಅಕ್ಕಿ ತೊಳೆಯುತ್ತಾ ‘ಇವತ್ತ ನಿಮಗ ಫೈಲು ಜಾಸ್ತಿ ಇರತಾವಲ್ಲ, ಅನ್ನಾ ಕಡಿಮಿ ಮಾಡಲೇನು?’ ಅಂದೆ. ಅವರು ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಹಾಗೇ ನಿಂತರು. ‘ಹ್ಞೂಂ, ಸ್ವಲ್ಪ ಕಡಿಮಿನ ಮಾಡು’ ಅಂದು ಹೋದರು. ನಮ್ಮಿಬ್ಬರ ನಡುವೆ ಮೀನಿನ ಸುದ್ದಿ ಬಂದದ್ದು ಅಷ್ಟೇ. ಆಮೇಲೆ ಬುಧವಾರ ಏಲಕ್ಕಿ ತಿನ್ನೋದು ಬಿಟ್ಟರು.

ಆ ಸ್ನೇಹಿತರು ಈಗಿಲ್ಲ. ಅವರ ಹೆಂಡತಿಯನ್ನು ಹುಡುಕಿಕೊಂಡು ಹೋದೆ. ನನ್ನ ಹಾಗೇ ಒಬ್ಬರೇ ಇದ್ದಾರೆ. ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯಿತು, ಹಿಡಿದ ಮೇಲೆ ಮಾತು ನಿಲ್ಲಲಿಲ್ಲ. ನಮ್ಮವರು ಅಲ್ಲಿ ಕೂತು ಉಣ್ಣುವಾಗ ಹೇಳುತ್ತಿದ್ದರಂತೆ: ‘ನಮ್ಮಾಕಿಗೆ ಎಲ್ಲಾ ಗೊತ್ತದ. ಬೈದಿದ್ದರ ಬಿಡತಿದ್ದೆ. ಬಯ್ಯಂಗಿಲ್ಲ, ಅದಕ್ಕ ಆಕಿಗೆ ಅಂಜತೀನಿ.’ ಇದು ನನಗೆ ಗೊತ್ತೇ ಇರಲಿಲ್ಲ. ಮನುಷ್ಯ ಹೋದ ಮೇಲೂ ಅವರ ಬಗ್ಗೆ ಹೊಸ ಸುದ್ದಿ ಸಿಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅಲ್ಲೇ ಅವರ ಅಡುಗೆಮನೆಯಲ್ಲಿ ಕೂತು ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡೆ. ನನ್ನ ಶೇಂಗಾ ಚಟ್ನಿ ಪುಡಿ ಯಾಕೆ ಅಷ್ಟು ಬೇಗ ಖಾಲಿಯಾಗುತ್ತಿತ್ತು ಅನ್ನೋದೂ ಅವತ್ತೇ ಬಯಲಾಯಿತು. ಕಾಗದದ ಪೊಟ್ಟಣ ಕಟ್ಟಿ ಅಲ್ಲಿಗೆ ಒಯ್ಯುತ್ತಿದ್ದರಂತೆ.

ಬಂದ ಮೇಲೆ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಮಕ್ಕಳಿಗೆ ಕೊಟ್ಟೆ. ಮಗಳು ರಾತ್ರಿ ಫೋನ್ ಮಾಡಿದಳು. ‘ಅವ್ವಾ, ಮೀನಿಂದು ತಗದುಬಿಡು. ಅಪ್ಪಾರ ಬಗ್ಗೆ ಮಂದಿ ಏನ ಅಂದಾರು?’ ತೆಗೆಯೋದಿಲ್ಲ ಅಂದೆ. ಅದನ್ನು ತೆಗೆದರೆ ಉಳಿಯೋದು ಮತ್ತೆ ಅದೇ ದೇವರಂಥ ಮನುಷ್ಯ. ನಿನಗೆ ಗೊತ್ತಿರುವ ಅಪ್ಪನನ್ನು ನೀನು ಬರಿ, ಇದರ ಹಿಂದೆಯೇ ಸೇರಿಸೋಣ ಅಂತ ಖಾಲಿ ಹಾಳೆ ಕಳಿಸಿಕೊಟ್ಟಿದ್ದೇನೆ. ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅಳಿಯ ಮಾತ್ರ ತಿರ್ಫಳ ಎಲ್ಲಿ ಸಿಗುತ್ತದೆ ಅಂತ ಗುಟ್ಟಾಗಿ ಕೇಳಿದ.

ಮುಂದಿನದು ಹುಬ್ಬಳ್ಳಿಯ ವರ್ಷಗಳು. ಅಲ್ಲಿ ಸಮುದ್ರ ಇಲ್ಲ, ಫೋಟೋನೂ ಇಲ್ಲ, ಜಗಳ ಬೇಕಾದಷ್ಟು ಇವೆ. ಈ ವಾರ ಜೋಳ ಹಸನು ಮಾಡಿ ಗಿರಣಿಗೆ ಕಳಿಸೋ ಕೆಲಸ ಇದೆ. ಅದು ಮುಗಿದ ಮೇಲೆ ಶುರು ಮಾಡಬೇಕು.